ಲಾಭ ಬಂತೆಂದು ಬರೆದುಕೊಡಿ

ನಮ್ಮ ಕಡೆ ಮನೆ ಮಾರಿ ಲಾಭ ಮಾಡಿಕೊಂಡವರನ್ನು ನಾನು ಇದುವರೆಗೆ ಕಂಡಿಲ್ಲ. ಮಾರಿದವರನ್ನು ಬೇಕಾದಷ್ಟು ಕಂಡಿದ್ದೇನೆ. ‘ಏನೋ ಬಂದಷ್ಟಕ್ಕೆ ಕೊಟ್ಟುಬಿಟ್ವಿ’ ಅನ್ನುತ್ತಾರೆ. ‘ಮಕ್ಕಳೆಲ್ಲ ಹೊರಗಡೆ, ನೋಡ್ಕೊಳ್ಳೋರು ಯಾರಿದಾರೆ’ ಅನ್ನುತ್ತಾರೆ. ಸ್ವಲ್ಪ ಧೈರ್ಯದವರಾದರೆ ‘ಹಾಕಿದ್ದು ಬಂತು, ಅಷ್ಟೇ’ ಎಂದು ಮಾತು ಮುಗಿಸುತ್ತಾರೆ. ಹೋಗಲಿ, ಕೊಂಡವರನ್ನು ಕೇಳೋಣವೆಂದರೆ ಅವರೂ ‘ಜಾಸ್ತೀನೇ ಕೊಟ್ವಿ, ವಾಸ್ತು ಚೆನ್ನಾಗಿತ್ತಲ್ಲ ಅಂತ’ ಎಂದು ನಿಟ್ಟುಸಿರು ಬಿಡುತ್ತಾರೆ. ಮಾರಿದವರಿಗೆ ಕಡಿಮೆ ಬಂದು ಕೊಂಡವರಿಗೆ ಹೆಚ್ಚು ಬಿದ್ದಿರುವ ಈ ವ್ಯವಹಾರದಲ್ಲಿ ನಡುವಿನ ದುಡ್ಡು ಎಲ್ಲಿ ಹೋಯಿತೋ ದೇವರೇ ಬಲ್ಲ. ಬ್ರೋಕರನ ಮೇಲೆ ಅನುಮಾನ ಪಡುವಂತಿಲ್ಲ. ಅವನಿಗೆ ಕಮಿಷನ್ನೇ ಪೂರ್ತಿ ಸಿಕ್ಕಿರುವುದಿಲ್ಲ.

ಇದು ಸುಳ್ಳು ಹೇಳುವ ಚಾಳಿಯೆಂದು ನನಗೆ ಅನ್ನಿಸುವುದಿಲ್ಲ. ಮನೆ ಮೇಲೇಳುವಾಗಲೇ ಎದುರಿಗೆ ದೃಷ್ಟಿಬೊಂಬೆ ತೂಗುಹಾಕುವ ಜನ ನಾವು. ಇಟ್ಟಿಗೆ ಸಿಮೆಂಟಿನ ಮೇಲೇ ಕಣ್ಣು ಬೀಳುತ್ತದೆಂದು ಹೆದರಿದವರು, ಅದನ್ನು ಮಾರಿ ಬಂದ ನೋಟಿನ ಬಗ್ಗೆ ಬಾಯಿ ಬಿಡುತ್ತೇವೆಯೇ? ಇಂಥ ಜನರ ಮುಂದೆ ಸರ್ಕಾರ ಒಂದು ನಮೂನೆ ಇಟ್ಟು, ನಿಮಗೆ ಇಷ್ಟು ಲಾಭ ಬಂತೆಂದು ನೀವೇ ಲೆಕ್ಕ ಹಾಕಿ, ನೀವೇ ಬರೆದು, ಅದರ ಮೇಲೆ ತೆರಿಗೆಯನ್ನೂ ನೀವೇ ಕಟ್ಟಿ ಎನ್ನುತ್ತದೆ. ಕ್ಯಾಪಿಟಲ್ ಗೇನ್ಸ್ ತೆರಿಗೆಯಲ್ಲಿ ನನ್ನನ್ನು ಕಾಡಿದ್ದು ತೆರಿಗೆಯಲ್ಲ. ದುಡ್ಡು ಹೋಗುವುದು ನಮಗೆ ಅಭ್ಯಾಸವಿದೆ. ಲಾಭ ಬಂತೆಂದು ಒಪ್ಪಿಕೊಳ್ಳುವುದಿದೆಯಲ್ಲ, ಅದು ಕಷ್ಟ.

ನಾವಿರುವ ಮನೆ ಬೆಂಗಳೂರಿನ ಹನುಮಂತನಗರದಲ್ಲಿ. ಎರಡನೆಯದು ಮೈಸೂರಿನ ಬೋಗಾದಿ ಕಡೆ, ಇಪ್ಪತ್ತು ಮೂವತ್ತರ ಸೈಟಿನಲ್ಲಿ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವಳು ನಾನು. ನನ್ನ ಸಂಬಳದಲ್ಲಿ, ನನ್ನ ಹೆಸರಿಗೆ ತೆಗೆದದ್ದು. ಆಗ ಬೆಂಗಳೂರಿನ ನೌಕರಿಯವರಿಗೆಲ್ಲ ಒಂದೇ ಕನಸು: ರಿಟೈರ್ ಆದಮೇಲೆ ಮೈಸೂರು. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗು, ಮಧ್ಯಾಹ್ನ ಒಳ್ಳೆಯ ನಿದ್ದೆ, ಸಂಜೆ ಗಾನಭಾರತಿಯಲ್ಲಿ ಕಚೇರಿ. ರಿಟೈರ್‌ಮೆಂಟು ಬಂತು, ಮೈಸೂರು ಬರಲಿಲ್ಲ. ಸಕ್ಕರೆ ಕಾಯಿಲೆಯ ಡಾಕ್ಟರು ಬೆಂಗಳೂರಿನಲ್ಲಿ, ಮೊಮ್ಮಗಳ ಶಾಲೆ ಬೆಂಗಳೂರಿನಲ್ಲಿ, ಜಗಳವಾಡಲು ಬೇಕಾದ ಹಳೆಯ ಸ್ನೇಹಿತರೂ ಬೆಂಗಳೂರಿನಲ್ಲೇ. ಮೈಸೂರಿಗೆ ಹೋಗುತ್ತಿದ್ದುದು ಮೋಟಾರು ಸುಟ್ಟುಹೋಗಿದೆ ಎಂದು ಬಾಡಿಗೆಯವರು ಫೋನು ಮಾಡಿದಾಗ. ದಸರಾಕ್ಕೆ ಹೋದರೂ ಇಳಿದುಕೊಳ್ಳುತ್ತಿದ್ದುದು ಲಾಡ್ಜಿನಲ್ಲಿ, ಮನೆಯಲ್ಲಿ ಬಾಡಿಗೆಯವರಿದ್ದರಲ್ಲ!

2025ರ ಜನವರಿಯಲ್ಲಿ ಮಾರಿದೆವು. ಅರವತ್ತು ಲಕ್ಷ. ಇಲ್ಲಿ ಅಂಕಿ ಬರೆಯುವಾಗಲೂ ಕೈ ಒಂದು ಕ್ಷಣ ತಡೆಯಿತು.

ಬ್ರೋಕರ್ ಮೊದಲು ತಂದ ಗಿರಾಕಿ ಬೇರೆ. ‘ಡೀಡಲ್ಲಿ ನಲವತ್ತು ತೋರ್ಸಣ ಮೇಡಂ, ಮಿಕ್ಕಿದ್ದು ಕೈಗೆ ಕೊಡ್ತಾರೆ. ಅವರಿಗೆ ರಿಜಿಸ್ಟ್ರಿ ಖರ್ಚು ಉಳಿಯತ್ತೆ, ನಿಮಗೆ ಟ್ಯಾಕ್ಸು ಉಳಿಯತ್ತೆ’ ಎಂದು ಉಭಯತರರಿಗೂ ಪುಣ್ಯ ಬರುವ ಮಾತಾಡಿದ. ಒಪ್ಪದಿದ್ದುದಕ್ಕೆ ನನ್ನ ಸತ್ಯಸಂಧತೆಯೊಂದೇ ಕಾರಣವೆಂದರೆ ನಮ್ಮ ಮನೆಯವರೇ ನಗುತ್ತಾರೆ. ಇಪ್ಪತ್ತು ಲಕ್ಷ ನಗದನ್ನು ಹನುಮಂತನಗರದ ಮನೆಯಲ್ಲಿ ಎಲ್ಲಿಡುವುದು? ಅಕ್ಕಿ ಡಬ್ಬಿಯಲ್ಲಿ ಅಷ್ಟು ಜಾಗವಿಲ್ಲ. ಆಸ್ತಿ ವ್ಯವಹಾರದಲ್ಲಿ ಇಪ್ಪತ್ತು ಸಾವಿರವೋ ಅದಕ್ಕೆ ಮೇಲೋ ನಗದು ತೆಗೆದುಕೊಂಡರೆ, ತೆಗೆದುಕೊಂಡಷ್ಟೇ ದಂಡ ಹಾಕುವ ಕಾನೂನಿದೆ. ಪತ್ರದಲ್ಲಿ ತೀರಾ ಕಡಿಮೆ ತೋರಿಸಿದರೆ ಮಾರ್ಗಸೂಚಿ ಬೆಲೆಯನ್ನೇ ಮಾರಿದ ಬೆಲೆಯೆಂದು ಹಿಡಿಯುವ ಕಾನೂನೂ ಇದೆ. ಶೇಕಡಾ ಹತ್ತರಷ್ಟು ಹೆಚ್ಚುಕಡಿಮೆಯನ್ನು ಮಾತ್ರ ಅವರು ನೋಡಿಯೂ ನೋಡದಂತಿರುತ್ತಾರೆ. ಕೊನೆಗೆ ಕೊಂಡದ್ದು ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಮಾಡುವ ಹುಡುಗ. ಅವನಿಗೆ ಬ್ಯಾಂಕಿನ ಸಾಲ ಬೇಕಾಗಿತ್ತು, ಸಾಲ ಪೂರ್ತಿ ಸಿಗಬೇಕಾದರೆ ಪತ್ರದಲ್ಲಿ ಪೂರ್ತಿ ಬೆಲೆ ಇರಬೇಕಾಗಿತ್ತು. ಈ ಇಪ್ಪತ್ತು ವರ್ಷಗಳಲ್ಲಿ ನಮ್ಮ ಜನರನ್ನು ಬಿಳಿ ದುಡ್ಡಿನ ದಾರಿಗೆ ತಂದದ್ದು ಉಪದೇಶವಲ್ಲ, ಗೃಹಸಾಲ.

ಅದೇ ಹುಡುಗ ಒಂದು ದಿನ ಸಂಕೋಚದಿಂದ ಫೋನು ಮಾಡಿ, ‘ಮೇಡಂ, ಐವತ್ತು ಲಕ್ಷದ ಮೇಲಾದ್ರೆ ಒಂದು ಪರ್ಸೆಂಟ್ ನಾನೇ ಹಿಡ್ಕೊಂಡು ನಿಮ್ಮ ಪಾನ್ ನಂಬರಿಗೆ ಕಟ್ಬೇಕಂತೆ’ ಎಂದ. ಅರವತ್ತು ಸಾವಿರ. ಫಾರಂ 26ಕ್ಯೂಬಿ ತುಂಬಿ ಕಟ್ಟಿ, ಆಮೇಲೆ 16ಬಿ ಎಂಬ ಸರ್ಟಿಫಿಕೇಟನ್ನೂ ಕಳಿಸಿದ. ಹೀಗೆ ನಾನು ಲಾಭ ಬಂತೆಂದು ಯಾರಿಗೂ ಹೇಳುವ ಮೊದಲೇ ಆ ಸುದ್ದಿ ದೆಹಲಿ ತಲುಪಿತ್ತು.

ಅದೊಂದೇ ದಾರಿಯಲ್ಲ. ಮೂವತ್ತು ಲಕ್ಷ ದಾಟಿದ ಪ್ರತಿ ಆಸ್ತಿ ಮಾರಾಟವನ್ನೂ ಸಬ್ ರಿಜಿಸ್ಟ್ರಾರ್ ಕಚೇರಿ ಆದಾಯ ತೆರಿಗೆಯವರಿಗೆ ತಿಳಿಸುತ್ತದೆ. ಜೂನ್‌ನಲ್ಲಿ ಮಗಳು ಲ್ಯಾಪ್‌ಟಾಪ್‌ನಲ್ಲಿ ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿ ತೆರೆದು ತೋರಿಸಿದಳು. ನನ್ನ ಪಿಂಚಣಿ, ಎಫ್‌ಡಿ ಬಡ್ಡಿ, ಯಾವ ಕಾಲದಲ್ಲೋ ಕೊಂಡು ಮರೆತ ಷೇರಿನ ಅರವತ್ತೆರಡು ರೂಪಾಯಿ ಡಿವಿಡೆಂಡು, ಇವುಗಳ ಸಾಲಿನಲ್ಲೇ ‘ಸ್ಥಿರಾಸ್ತಿ ಮಾರಾಟ’ ಎಂದು ನನ್ನ ಅರವತ್ತು ಲಕ್ಷ ತಣ್ಣಗೆ ಕೂತಿತ್ತು. ಎಲ್ಲ ಗೊತ್ತಿದ್ದೂ ಇವರು ನನ್ನನ್ನು ಯಾಕೆ ಕೇಳುತ್ತಾರೆ? ಚಿಕ್ಕಂದಿನಲ್ಲಿ ಕೊಬ್ಬರಿ ಮಿಠಾಯಿ ತಿಂದವರು ಯಾರೆಂದು ಅಮ್ಮನಿಗೆ ನಮ್ಮ ತುಟಿ ನೋಡಿದರೇ ಗೊತ್ತಾಗುತ್ತಿತ್ತು. ಆದರೂ ಸಾಲಾಗಿ ನಿಲ್ಲಿಸಿ ‘ಯಾರು ತಿಂದದ್ದು’ ಎಂದು ಕೇಳುತ್ತಿದ್ದಳು. ಇಲಾಖೆಯೂ ಹಾಗೇ ಕಾಯುತ್ತದೆ. ವ್ಯತ್ಯಾಸವೆಂದರೆ ಅಮ್ಮನಿಗೆ ಮಿಠಾಯಿ ಮಾಡಲು ಬಿದ್ದ ಖರ್ಚೂ ಗೊತ್ತಿತ್ತು. ಇಲಾಖೆಗೆ ಗೊತ್ತಿರುವುದು ಬಂದದ್ದು ಮಾತ್ರ. ಹಾಕಿದ್ದು ಎಷ್ಟೆಂದು ನಾವು ಹೇಳಬೇಕು, ಹೇಳಿದ್ದಕ್ಕೆ ಚೀಟಿ ತೋರಿಸಬೇಕು.

ಅಲ್ಲಿಂದ ಆಡಿಟರ ಸಹವಾಸ ಶುರುವಾಯಿತು. ಗಾಂಧಿ ಬಜಾರಿನ ಹತ್ತಿರ ಮೊದಲನೇ ಮಹಡಿಯಲ್ಲಿ ಅವರ ಆಫೀಸು. ಕಡಿಮೆ ಮಾತಿನ ಮನುಷ್ಯ. ನಾನು ಮನೆಯ ಕಥೆ ಹೇಳಲು ಹೊರಟರೆ ‘ಪರ್ಚೇಸ್ ಡೀಡ್ ಇದೆಯಾ?’ ಎಂದರು. ಇತ್ತು. 2004ರಲ್ಲಿ ಸೈಟು, ರಿಜಿಸ್ಟ್ರಿ ಎಲ್ಲ ಸೇರಿ ಮೂರು ಲಕ್ಷ. ‘ಕನ್‌ಸ್ಟ್ರಕ್ಷನ್?’ 2006ರಲ್ಲಿ ಹತ್ತು ಲಕ್ಷ. ಅಷ್ಟೂ ಬ್ಯಾಂಕ್ ಸಾಲವಾದ್ದರಿಂದ ಕಂತುಕಂತಾಗಿ ಬಿಡುಗಡೆಯಾದ ಲೆಕ್ಕ ಬ್ಯಾಂಕಿನವರೇ ಇಟ್ಟಿದ್ದರು. ನಮ್ಮ ಬೀದಿಯ ಬೇರೆಯವರಿಗೆ ಆ ಭಾಗ್ಯವಿರಲಿಲ್ಲ. ಆಗ ಕರ್ನಾಟಕದಲ್ಲಿ ವ್ಯಾಟ್ ಬಂದು ಒಂದು ವರ್ಷವಾಗಿತ್ತು. ಸಿಮೆಂಟ್ ಅಂಗಡಿಯವನು ‘ಬಿಲ್ ಬೇಕಂದ್ರೆ ಹನ್ನೆರಡೂವರೆ ಪರ್ಸೆಂಟ್ ವ್ಯಾಟ್ ಸೇರತ್ತೆ, ಬೇಡ ಅಂದ್ರೆ ಇಲ್ಲ’ ಎನ್ನುತ್ತಿದ್ದ. ಬೇಡವೆಂದು ಹನ್ನೆರಡೂವರೆ ಉಳಿಸಿದವರು ಈಗ ಮನೆ ಮಾರಿದರೆ ಆ ಖರ್ಚಿಗೆ ದಾಖಲೆಯೇ ಇಲ್ಲ. ಆ ದುಡ್ಡೂ ಲಾಭದ ಲೆಕ್ಕಕ್ಕೆ ಸೇರಿ ಅದರ ಮೇಲೆ ತೆರಿಗೆ ಬೀಳುತ್ತದೆ. ಈಗಿನ ದರ ಎಷ್ಟು? ಹನ್ನೆರಡೂವರೆ. ಸರ್ಕಾರಗಳು ಬೇರೆ ಬೇರೆಯಾದರೂ ಬಾಕಿ ಮರೆಯುವುದಿಲ್ಲ.

‘ಆಮೇಲೆ ಏನಾದ್ರೂ ಹಾಕಿದೀರಾ?’ ಎಂದು ಕೇಳಿದರು. ಹಾಕಿದ್ದೇನೇ? ಮೂರು ಸಲ ಬಣ್ಣ, ಎರಡು ಸಲ ತಾರಸಿಗೆ ವಾಟರ್‌ಪ್ರೂಫಿಂಗ್, ಮೋಟಾರಿಗೆ ವೈಂಡಿಂಗು, ಗೆದ್ದಲು ಹಿಡಿದ ಬಾಗಿಲ ಚೌಕಟ್ಟು, ವರ್ಷವರ್ಷದ ಕಂದಾಯ. ನಾನು ಹೇಳುತ್ತ ಹೋದೆ, ಅವರು ಪೆನ್ನಿನ ಮುಚ್ಚಳವನ್ನೇ ತೆಗೆಯಲಿಲ್ಲ. ಮನೆ ಇದ್ದ ಹಾಗೇ ಇರಲು ಮಾಡಿದ್ದು ರಿಪೇರಿ, ಅದು ಲೆಕ್ಕಕ್ಕಿಲ್ಲ. ಇದ್ದದ್ದಕ್ಕಿಂತ ಹೆಚ್ಚಾಗಲು ಮಾಡಿದ್ದು ಇಂಪ್ರೂವ್‌ಮೆಂಟು, ಅದಕ್ಕೆ ಲೆಕ್ಕವಿದೆ. ಸೋರುವ ತಾರಸಿಯನ್ನು ಸೋರದಂತೆ ಮಾಡುವುದಕ್ಕಿಂತ ದೊಡ್ಡ ಇಂಪ್ರೂವ್‌ಮೆಂಟ್ ಯಾವುದಿದೆ ಎಂದು ಜೊತೆಗಿದ್ದ ನಮ್ಮ ಯಜಮಾನರು ವಾದಕ್ಕಿಳಿದರು. ಆಷಾಢದ ಮಳೆಯಲ್ಲಿ ಬಾಡಿಗೆಯವರ ಬೈಗುಳ ತಿಂದದ್ದು ಇವರೇ. ಆಡಿಟರು ಮುಗುಳ್ನಕ್ಕರು, ಅಷ್ಟೇ.

ಮಹಡಿಯ ಮೇಲಿನ ರೂಮು ನೆನಪಾದದ್ದು ಆಗ. 2012ರಲ್ಲಿ ಕಟ್ಟಿಸಿದ್ದು. ಮನೆಗೆ ಹೋಗಿ ಹಳೆಯ ಫೈಲು ಹರಡಿದಾಗ ಸಿಕ್ಕಿದ್ದು ಮೇಸ್ತ್ರಿ ಕೊಟ್ಟ ಲೆಕ್ಕ: ಕ್ಯಾಲೆಂಡರಿನ ಒಂದು ಹಾಳೆಯ ಹಿಂಬದಿ, ಪೆನ್ಸಿಲ್ ಬರಹ. ಜಲ್ಲಿ, ಮರಳು, ‘ಸಿಮಿಟು’, ಕಂಬಿ, ಸೆಂಟ್ರಿಂಗು, ಒಂದು ಬಾಗಿಲು, ಎರಡು ಕಿಟಕಿ, ಗ್ರಿಲ್ಲು, ಅಟ್ಯಾಚ್ ಬಾತ್‌ರೂಮಿನ ಟೈಲ್ಸು. ಕೆಳಗೆ ‘ಮೋಲ್ಡು ದಿನ ಬಾಡೂಟ 2,500’. ಆತ ದೊಡ್ಡ ಮನುಷ್ಯನಾಗಿದ್ದುದರಿಂದ ದುಡ್ಡನ್ನು ಚೆಕ್ಕಿನಲ್ಲೇ ಇಸಿದುಕೊಂಡಿದ್ದ. ಪ್ರತಿ ಕಂತಿನ ಎದುರಿಗೂ ಚೆಕ್ಕಿನ ನಂಬರು ಬರೆದಿದ್ದ. ನನ್ನ ಪಾಸ್‌ಬುಕ್ಕಿನಲ್ಲಿ ಅವೇ ನಂಬರುಗಳು, ಅವೇ ಮೊತ್ತಗಳು. ಆಡಿಟರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಪಾಸ್‌ಬುಕ್ಕಿನ ಜೊತೆ ಒಂದೊಂದಾಗಿ ಹೋಲಿಸಿ, ಬಾಡೂಟವನ್ನು ಮಾತ್ರ ಪೆನ್ಸಿಲ್ಲಿನಲ್ಲಿ ಹೊಡೆದುಹಾಕಿದರು. ಉಳಿದದ್ದು ಮೂರು ಲಕ್ಷ. ‘ಜೋಪಾನ ಮೇಡಂ, ಈ ಹಾಳೆಯ ಬೆಲೆ ಒಂದು ಲಕ್ಷದ ಎಂಟು ಸಾವಿರದ ಒಂಬೈನೂರು’ ಎಂದರು. ನನಗೆ ಅರ್ಥವಾಗಲಿಲ್ಲ.

ಅರ್ಥವಾಗಬೇಕಾದರೆ ಇಂಡೆಕ್ಸೇಷನ್ ಗೊತ್ತಿರಬೇಕು. 1992ರಲ್ಲಿ ಮನಮೋಹನ ಸಿಂಗರ ಕಾಲದಲ್ಲಿ ಬಂದ ವ್ಯವಸ್ಥೆ ಅದು. ದುಡ್ಡಿನ ಬೆಲೆ ವರ್ಷವರ್ಷ ಇಳಿಯುತ್ತದೆಂದು ಸರ್ಕಾರವೇ ಒಪ್ಪಿಕೊಂಡು ಬರೆದುಕೊಟ್ಟ ಪಟ್ಟಿ. ಈಗಿನ ಪಟ್ಟಿಯಲ್ಲಿ 2001-02ನೇ ಸಾಲು 100 ಇದ್ದರೆ, 2024-25 ಬರುವ ಹೊತ್ತಿಗೆ 363. ನಡುವೆ ನಾನು ಸೈಟು ಕೊಂಡ ವರ್ಷ 113, ಮನೆ ಕಟ್ಟಿದ ವರ್ಷ 122, ರೂಮು ಹಾಕಿಸಿದ ವರ್ಷ 200. ಆ ಪ್ರಕಾರ ಸೈಟಿನ ಮೂರು ಲಕ್ಷ ಒಂಬತ್ತು ಲಕ್ಷ ಅರವತ್ಮೂರು ಸಾವಿರ ಚಿಲ್ಲರೆಯಾಯಿತು, ಮನೆಯ ಹತ್ತು ಲಕ್ಷ ಇಪ್ಪತ್ತೊಂಬತ್ತೂಮುಕ್ಕಾಲು ಲಕ್ಷವಾಯಿತು, ಮೇಸ್ತ್ರಿಯ ಹಾಳೆಯ ಮೂರು ಲಕ್ಷ ಐದು ಲಕ್ಷ ನಲವತ್ತನಾಲ್ಕೂವರೆ ಸಾವಿರವಾಯಿತು. ಈ ಕೊನೆಯದರ ಮೇಲೆ ಉಳಿದ ತೆರಿಗೆ ಶೇಕಡಾ ಇಪ್ಪತ್ತು, ಅದೇ ಆಡಿಟರು ಹೇಳಿದ ಹಾಳೆಯ ಬೆಲೆ. ಮೂವತ್ತು ವರ್ಷ ಹಣದುಬ್ಬರ ಎಂದರೇನೆಂದು ಕಪ್ಪು ಹಲಗೆಯ ಮೇಲೆ ಬರೆದು ವಿವರಿಸಿದವಳಿಗೆ ಹಣದುಬ್ಬರ ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಕಂಡಿರಲಿಲ್ಲ.

ಆದರೆ 2024ರ ಜುಲೈ 23ರ ಬಜೆಟ್ಟಿನಲ್ಲಿ ನಿರ್ಮಲಾ ಸೀತಾರಾಮನ್ ಈ ಪಟ್ಟಿಯನ್ನೇ ಎತ್ತಿಬಿಟ್ಟರು. ದರ ಇಪ್ಪತ್ತರಿಂದ ಹನ್ನೆರಡೂವರೆಗೆ ಇಳಿಯಿತು, ಇಂಡೆಕ್ಸೇಷನ್ ಹೋಯಿತು. ಆ ವಾರ ಜಯನಗರದಿಂದ ಜಯಲಕ್ಷ್ಮೀಪುರಂವರೆಗೆ ಕಾಫಿ ಕುಡಿಯುತ್ತ ಕೂತ ನಿವೃತ್ತರೆಲ್ಲ ಅರ್ಥಶಾಸ್ತ್ರಜ್ಞರಾದರು. ಗದ್ದಲ ಎಷ್ಟಾಯಿತೆಂದರೆ ಆಗಸ್ಟ್‌ನಲ್ಲಿ ತಿದ್ದುಪಡಿ ಬಂತು: ಆ ದಿನಾಂಕಕ್ಕೆ ಮೊದಲು ಕೊಂಡ ಜಮೀನು, ಮನೆಗಳನ್ನು ಮಾರುವ ನಿವಾಸಿಗಳು ಎರಡೂ ರೀತಿ ಲೆಕ್ಕ ಹಾಕಿ, ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. ಬ್ರೋಕರನ ಅರವತ್ತು ಸಾವಿರ ಕಳೆದು ನನ್ನ ಲೆಕ್ಕ ಹೀಗಿತ್ತು. ಹೊಸ ರೀತಿಯಲ್ಲಿ ಲಾಭ ನಲವತ್ಮೂರು ಲಕ್ಷ ನಲವತ್ತು ಸಾವಿರ, ತೆರಿಗೆ ಐದು ಲಕ್ಷ ನಲವತ್ತೆರಡೂವರೆ ಸಾವಿರ. ಹಳೆಯ ರೀತಿಯಲ್ಲಿ ಲಾಭ ಹದಿನಾಲ್ಕು ಲಕ್ಷ ಐವತ್ತಾರು ಸಾವಿರ, ತೆರಿಗೆ ಎರಡು ಲಕ್ಷ ತೊಂಬತ್ತೊಂದು ಸಾವಿರ. ಎರಡಕ್ಕೂ ಶೇಕಡಾ ನಾಲ್ಕು ಸೆಸ್ಸು ಬೇರೆ. ದರ ಕಡಿಮೆಯಿರುವ ಕಡೆ ತೆರಿಗೆ ಹೆಚ್ಚು, ದರ ಹೆಚ್ಚಿರುವ ಕಡೆ ಕಡಿಮೆ. ಎಲ್ಲರಿಗೂ ಹೀಗೇ ಆಗುವುದಿಲ್ಲ. ಬೆಲೆ ಹತ್ತಾರು ಪಟ್ಟು ಏರಿದ ಬೆಂಗಳೂರಿನ ಸೈಟುಗಳವರಿಗೆ ಹೊಸದೇ ಅನುಕೂಲ. ಮೆಲ್ಲಗೆ ಏರಿದ ನಮ್ಮಂಥವರಿಗೆ ಹಳೆಯದು.

ಈ ತೆರಿಗೆಗೂ ಒಂದು ಚರಿತ್ರೆ ಇದೆ. ಕಲಿಸಿದ ಅಭ್ಯಾಸ, ಹೇಳದೆ ಇರಲಾರೆ. ನಮ್ಮಲ್ಲಿ ಇದನ್ನು ಮೊದಲು ತಂದವರು ಲಿಯಾಕತ್ ಅಲಿ ಖಾನ್, 1947ರ ಫೆಬ್ರವರಿಯ ಬಜೆಟ್ಟಿನಲ್ಲಿ. ಆಗಸ್ಟ್‌ಗೆ ಅವರು ಪಾಕಿಸ್ತಾನದ ಪ್ರಧಾನಿಯಾದರು, ತೆರಿಗೆ ನಮ್ಮ ಪಾಲಿಗೆ ಬಂತು. 1949ರಲ್ಲಿ ಅದನ್ನು ತೆಗೆದುಹಾಕಿದರು. 1956ರಲ್ಲಿ ಕೇಂಬ್ರಿಜ್‌ನಿಂದ ನಿಕೊಲಸ್ ಕಾಲ್ಡೊರ್ ಎಂಬ ಅರ್ಥಶಾಸ್ತ್ರಜ್ಞರನ್ನು ಕರೆಸಿ ಸಲಹೆ ಕೇಳಿದರು, ಅದೇ ವರ್ಷ ಟಿ.ಟಿ. ಕೃಷ್ಣಮಾಚಾರಿ ತೆರಿಗೆಯನ್ನು ಮತ್ತೆ ತಂದರು. ದುಡಿದು ಸಂಪಾದಿಸಿದವನು ತೆರಿಗೆ ಕಟ್ಟುವಾಗ, ಕೂತಲ್ಲಿಯೇ ಆಸ್ತಿ ಬೆಳೆದವನು ಯಾಕೆ ಕಟ್ಟಬಾರದು ಎಂಬುದು ಅದರ ಹಿಂದಿನ ಪ್ರಶ್ನೆ.

ನಾನು ಬೇರೆಲ್ಲದಕ್ಕೂ ಗೊಣಗಿದೆ, ಈ ಪ್ರಶ್ನೆಗೆ ಮಾತ್ರ ಉತ್ತರ ಹೊಳೆಯಲಿಲ್ಲ. ಬೋಗಾದಿಯ ಆ ಸೈಟಿನ ಸುತ್ತ ಆಗ ರಾಗಿ ಹೊಲವಿತ್ತು. ಆಮೇಲೆ ರಸ್ತೆ ಬಂತು, ನೀರಿನ ಪೈಪು ಬಂತು, ಬೀದಿ ದೀಪ ಬಂತು, 2023ರಲ್ಲಿ ಬೆಂಗಳೂರಿನಿಂದ ದಶಪಥ ಬಂತು. ಇದರಲ್ಲಿ ಒಂದನ್ನೂ ನಾನು ಹಾಕಿಸಿದ್ದಲ್ಲ. ನಾನು ಮಾಡಿದ್ದು ಬಾಡಿಗೆ ಇಸಿದುಕೊಂಡದ್ದು. ಅಂಗಳ ಗುಡಿಸಿ ರಂಗೋಲಿ ಹಾಕಿ, ತೆಂಗಿನ ಸಸಿಗೆ ನೀರು ಹೊತ್ತು, ಆ ಮನೆಯನ್ನು ಮನೆಯಾಗಿ ಇಟ್ಟುಕೊಂಡಿದ್ದವರು ಬಾಡಿಗೆಯವರು; ಸೋರುವ ರಾತ್ರಿ ಬಕೆಟ್ ಇಟ್ಟವರೂ ಅವರೇ. ಮನೆ ಮಾರಿದಾಗ ಅವರಿಗೆ ಸಿಕ್ಕಿದ್ದು ಅಡ್ವಾನ್ಸು ವಾಪಸ್, ಬೇರೆ ಮನೆ ಹುಡುಕಲು ಮೂರು ತಿಂಗಳು. ಲಾಭದ ಲೆಕ್ಕ ಬರೆಯುವ ನಮೂನೆಯ ಷೆಡ್ಯೂಲ್ ಸಿಜಿಯಲ್ಲಿ ಅವರಿಗೊಂದು ಕಾಲಂ ಇಲ್ಲ. ಅದನ್ನು ನೋಡಿದ ಮೇಲೆ ನನ್ನ ಎರಡು ಲಕ್ಷ ತೊಂಬತ್ತೊಂದು ಸಾವಿರ ಅನ್ಯಾಯವೆಂದು ಕೂಗುವ ಉತ್ಸಾಹ ಕಡಿಮೆಯಾಯಿತು. ಪೂರ್ತಿ ಹೋಯಿತೆಂದು ಹೇಳಲಾರೆ.

ತೆರಿಗೆಯಿಂದ ತಪ್ಪಿಸಿಕೊಳ್ಳಲು ಕಾನೂನಿನೊಳಗೇ ಬಾಗಿಲುಗಳಿವೆ, ಅವುಗಳಲ್ಲಿ ದೊಡ್ಡದು ಸೆಕ್ಷನ್ 54. ಮಾರಿದ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ, ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ, ಲಾಭಕ್ಕೆ ಅಷ್ಟರಮಟ್ಟಿಗೆ ವಿನಾಯಿತಿ. (ಇದು ಹಳೆಯ ಕಾಯ್ದೆಯ ನಂಬರು. 2026ರ ಏಪ್ರಿಲ್‌ನಿಂದ ಹೊಸ ಕಾಯ್ದೆ, ಸೆಕ್ಷನ್ ನಂಬರುಗಳೆಲ್ಲ ಬೇರೆ, ಹಳೆಯದನ್ನು ಬಾಯಿಪಾಠ ಮಾಡಿದವರಿಗೆ ನನ್ನ ಸಹಾನುಭೂತಿ.) ಎರಡು ಮನೆ ನೋಡಿಕೊಳ್ಳಲಾರದೆ ಒಂದನ್ನು ಮಾರಿದವಳಿಗೆ, ಇನ್ನೊಂದು ಕೊಂಡರೆ ಬಿಡುತ್ತೇವೆ ಅನ್ನುವುದು ಎಂಥ ಔದಾರ್ಯ! ನಮ್ಮ ದುಡ್ಡಿನ ಬಹುಪಾಲು ಆಗಲೇ ಮಗಳ ಫ್ಲಾಟಿನ ಸಾಲಕ್ಕೆ ಹೋಗಿತ್ತು. ಹೊಸ ಮನೆ ಕೊಂಡರೆ ವಿನಾಯಿತಿ ಉಂಟು, ಮಗಳು ಇರುವ ಮನೆಯ ಸಾಲ ತೀರಿಸಿದರೆ ಇಲ್ಲ. ಇನ್ನೊಂದು ಬಾಗಿಲು ಬಾಂಡು: ಮಾರಿದ ಆರು ತಿಂಗಳೊಳಗೆ ಆರ್‌ಇಸಿಯಂಥ ಸರ್ಕಾರಿ ಸಂಸ್ಥೆಗಳಲ್ಲಿ ಐವತ್ತು ಲಕ್ಷದವರೆಗೆ ಹಾಕಬಹುದು, ಐದು ವರ್ಷ ಮುಟ್ಟುವ ಹಾಗಿಲ್ಲ. ‘ಬಡ್ಡಿ ಕಡಿಮೆಯಾದರೂ ಲೆಕ್ಕಕ್ಕೆ ಇದೇ ಲಾಭ’ ಎಂದು ಆಡಿಟರು ಕಾಗದದ ಮೇಲೆ ತೋರಿಸಿದರು. ಲೆಕ್ಕ ಸರಿಯಾಗಿಯೇ ಇತ್ತು. ‘ನನಗೆ ಈಗ ಎಪ್ಪತ್ತೆರಡು’ ಎಂದರು ಇವರು. ಆ ಲೆಕ್ಕವೂ ಸರಿಯಾಗಿತ್ತು. ಉಳಿದ ದುಡ್ಡು ಆಸ್ಪತ್ರೆ ಖರ್ಚಿಗೆಂದು ಕೈಗೆಟುಕುವ ಎಫ್‌ಡಿಯಲ್ಲಿ ಹೋಗಿ ಕೂತಿತು.

ಆಗಸ್ಟ್‌ನಲ್ಲಿ ಐಟಿಆರ್-2 ತುಂಬಿದ್ದಾಯಿತು. ಅದರಲ್ಲಿ ಕೊಂಡವನ ಹೆಸರು, ಪಾನ್ ನಂಬರು, ಆಸ್ತಿಯ ವಿಳಾಸ, ಪಿನ್‌ಕೋಡು ಎಲ್ಲ ಬೇಕು. ಅರವತ್ತು ದಾಟಿ, ವ್ಯಾಪಾರದ ಆದಾಯವಿಲ್ಲದವರಿಗೆ ಮುಂಗಡ ತೆರಿಗೆಯ ಕಾಟವಿಲ್ಲ. ಹಾಗಾಗಿ ಬಡ್ಡಿ ಬೀಳಲಿಲ್ಲ. ಹುಡುಗ ಮೊದಲೇ ಕಟ್ಟಿದ್ದ ಅರವತ್ತು ಸಾವಿರ ವಜಾ ಮಾಡಿ ಉಳಿದದ್ದನ್ನು ಆನ್‌ಲೈನಿನಲ್ಲಿ ಕಟ್ಟಿದೆವು. ಕೊನೆಗೆ ಆಡಿಟರ ಹುಡುಗಿ ಪರದೆಯನ್ನು ನನ್ನ ಕಡೆ ತಿರುಗಿಸಿ ‘ಒಂದ್ಸಲ ನೋಡಿಬಿಡಿ ಮೇಡಂ’ ಎಂದಳು. ಲಾಂಗ್ ಟರ್ಮ್ ಕ್ಯಾಪಿಟಲ್ ಗೇನ್ ಎಂಬುದರ ಎದುರು ಏಳಂಕಿಯ ಮೊತ್ತ, ಕೆಳಗೆ ಈ ಮಾಹಿತಿ ಸತ್ಯವೆಂದು ಘೋಷಿಸುತ್ತೇನೆ ಎಂಬ ಒಕ್ಕಣೆ. ಇವರು ಕನ್ನಡಕ ಏರಿಸಿ ನೋಡಿ, ‘ಇಷ್ಟು ಲಾಭ ನಮಗೆ ಯಾವಾಗ ಬಂತೇ?’ ಎಂದರು. ಮೊಬೈಲಿಗೆ ಓಟಿಪಿ ಬಂತು. ಆರು ಅಂಕಿ ಓದಿ ಹೇಳಿದೆ.

ಗೌರಿ ಹಬ್ಬದ ಹಿಂದಿನ ದಿನ ಮೈಸೂರಿನ ಹುಡುಗ ಫೋನು ಮಾಡಿದ. ಮಹಡಿಯ ರೂಮನ್ನು ದೊಡ್ಡದು ಮಾಡಿ ಪೂರ್ತಿ ಮನೆಯನ್ನೇ ಹಾಕಿಸುತ್ತಾನಂತೆ, ಹಳೆಯ ಮೇಸ್ತ್ರಿಯ ನಂಬರು ಬೇಕಿತ್ತು. ಕೊಟ್ಟೆ. ಕೊಟ್ಟು, ‘ಎಲ್ಲದಕ್ಕೂ ಚೆಕ್ಕಲ್ಲೇ ಕೊಡಪ್ಪ, ಒಂದೊಂದು ಸಾಮಾನಿಗೂ ಬಿಲ್ಲು ಇಸ್ಕೊ, ಇಪ್ಪತ್ತು ವರ್ಷ ಬಿಟ್ಟು ನನ್ನ ನೆನೆಸ್ಕೋತೀಯ’ ಎಂದು ಮೇಷ್ಟ್ರ ಧಾಟಿಯಲ್ಲಿ ಹೇಳಿದೆ.

‘ಕೇಳ್ದೆ ಮೇಡಂ’ ಎಂದ. ‘ಬಿಲ್ ಬೇಕಂದ್ರೆ ಜಿಎಸ್‌ಟಿ ಸೇರತ್ತಂತೆ.’